ಕಾಲು ಹೋದಷ್ಟೇ ಬೇಗ ವಾಪಸ್ ಬರಬೇಕು: ಕರಾಟೆ ಕಿಕ್‌ನ ಲೆಕ್ಕಾಚಾರ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹಿಂದುಗಡೆ ಗಾಡಿ ಹಾರ್ನ್ ಕೇಳಿಸ್ತಿದ್ರೆ ಸ್ವಲ್ಪ ಹೊಂದ್ಕೊಳ್ಳಿ. ನಾನು ರೆಕಾರ್ಡ್ ಮಾಡೋದು ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಮನೆ ಮಹಡಿ ರೂಮಲ್ಲಿ. ಸ್ಟುಡಿಯೋ ಅಂದ್ರೆ ಒಂದು ಮೈಕು, ಗೋಡೆಗೆ ನೇತು ಹಾಕಿರೋ ಎರಡು ರಜಾಯಿ, ಅಷ್ಟೆ. ಲೋಡ್ ಇಳಿಸೋ ಗಾಡಿಗಳೆಲ್ಲ ಹೋದ ಮೇಲೆ ಮಧ್ಯಾಹ್ನ ಒಂದು ಗಂಟೆ ಸ್ವಲ್ಪ ಮೌನ ಸಿಗುತ್ತೆ. ಆ ಒಂದು ಗಂಟೆಯಲ್ಲೇ ನನ್ನ ಕೆಲಸ ಮುಗೀಬೇಕು.

ಸಾಮಾನ್ಯವಾಗಿ ನಾನು ಇಲ್ಲಿ ದುಡ್ಡು, ಸಾಲ, ಸಣ್ಣ ವ್ಯಾಪಾರದ ಬಗ್ಗೆ ಮಾತಾಡ್ತೀನಿ. ಓದಿದ್ದು ಬಿ.ಕಾಂ., ಹಾಗಾಗಿ ಅದೇ ಬರೋದು. ಇವತ್ತು ವಿಷಯ ಬೇರೆ. ಎರಡು ವಾರದ ಹಿಂದೆ ನಮ್ಮ ಬೀದಿಯ ಒಬ್ಬ ಹುಡುಗ, ಹದಿನಾಲ್ಕು ವರ್ಷ ಇರಬಹುದು, ಸಂಜೆ ಡೋಜೋ ಮುಗಿದ ಮೇಲೆ ನನ್ನ ಹತ್ರ ಬಂದು ಕೇಳಿದ: "ಅಣ್ಣಾ, ಫೈಟ್‌ನಲ್ಲಿ ನನ್ನ ಕಿಕ್ ತುಂಬಾ ಸ್ಲೋ. ಸ್ಪೀಡ್ ಹೆಚ್ಚಿಸೋದು ಹೇಗೆ?"

ಸುಲಭದ ಪ್ರಶ್ನೆ ಅಲ್ವಾ? ಆದ್ರೆ ನಾನು "ನಾಳೆ ಹೇಳ್ತೀನಿ" ಅಂತ ತಪ್ಪಿಸ್ಕೊಂಡೆ. ಮಾರನೇ ದಿನವೂ ತಪ್ಪಿಸ್ಕೊಂಡೆ. ಯಾಕೆ ಅಂತ ಕೊನೆಗೆ ನನಗೇ ಒಪ್ಪಿಕೊಳ್ಳಬೇಕಾಯ್ತು. ಆ ಕಥೆ ಮೊದಲು ಹೇಳಿಬಿಡ್ತೀನಿ, ಆಮೇಲೆ ಟೆಕ್ನಿಕ್‌ಗೆ ಬರೋಣ.

2019. ನಾನು ಬಿ.ಕಾಂ. ಕೊನೇ ವರ್ಷ, ಕರಾಟೆಯಲ್ಲಿ ಬ್ರೌನ್ ಬೆಲ್ಟ್. ಒಂದು ಭಾನುವಾರ ಎರಡು ಡೋಜೋಗಳ ಹುಡುಗರು ಸೇರಿ ಸ್ನೇಹದ ಪಂದ್ಯ ಇಟ್ಕೊಂಡಿದ್ವಿ. ನನ್ನ ಎದುರಿಗೆ ಇದ್ದವನು ನನ್ನ ಗೆಳೆಯನೇ, ನಮ್ಮ ಏರಿಯಾದವನೇ. ಅವನು 2, ನಾನು ಸೊನ್ನೆ. ಇಪ್ಪತ್ತು ಸೆಕೆಂಡ್ ಬಾಕಿ. ಕರಾಟೆ ಗೊತ್ತಿಲ್ಲದವರಿಗೆ ಅಂಕದ ಲೆಕ್ಕ ಹೇಳ್ತೀನಿ. ವಿಶ್ವ ಕರಾಟೆ ಫೆಡರೇಷನ್ ನಿಯಮದಲ್ಲಿ ಪಂಚ್‌ಗೆ 1 ಅಂಕ, ಅದು ಯೂಕೊ. ಹೊಟ್ಟೆ, ಎದೆ, ಬೆನ್ನಿನ ಮಟ್ಟದ ಕಿಕ್‌ಗೆ 2, ಅದು ವಾಝಾ ಆರಿ. ತಲೆ ಮಟ್ಟದ ಕಿಕ್‌ಗೆ 3, ಅದು ಇಪ್ಪೊನ್. ಅಂದ್ರೆ ಒಂದೇ ಒಂದು ಹೆಡ್ ಕಿಕ್ ಬಿದ್ರೆ ನಾನು 3-2ರಲ್ಲಿ ಗೆಲ್ತೀನಿ.

ಹಾಕಿದೆ. ಮವಾಶಿ ಗೆರಿ, ಅಂದ್ರೆ ಸುತ್ತಿ ಬರೋ ಕಿಕ್. ಬಲಗಾಲಿನ ಮೇಲ್ಭಾಗ ಅವನ ಎಡ ಕಿವಿ ಮೇಲೆ ಚಪ್ಪಾಳೆ ಹೊಡೆದ ಹಾಗೆ ಬಿತ್ತು. ಅವನು ಕುಸಿದು ಕೂತ. ನನ್ನ ಕಾಲು ಅಲ್ಲಿಗೆ ನಿಲ್ಲಲೂ ಇಲ್ಲ, ಅವನನ್ನ ದಾಟಿ ಹೋಗಿ ನಾನೂ ಮುಗ್ಗರಿಸಿ ಬಿದ್ದೆ. ಎದ್ದು ನೋಡಿದ್ರೆ ಅವನು ಕಿವಿ ಹಿಡ್ಕೊಂಡು ನನ್ನ ಮಾತಿಗೆ ಉತ್ತರ ಕೊಡ್ತಿಲ್ಲ. ಕಿವಿ ತಮಟೆ ಹರಿದಿತ್ತು. ಡಾಕ್ಟರ್ "ತಾನಾಗೇ ಕೂಡ್ಕೊಳ್ಳುತ್ತೆ, ನೀರು ಬೀಳದ ಹಾಗೆ ನೋಡ್ಕೊಳ್ಳಿ" ಅಂದ್ರು. ಎರಡು ತಿಂಗಳಲ್ಲಿ ಕೂಡ್ಕೊಂಡಿತು ಕೂಡ. ಆದ್ರೆ ಆ ಎರಡು ತಿಂಗಳು ಅವನು ಫೋನನ್ನ ಬಲಗಿವಿಗೆ ಇಟ್ಕೊಂಡು ಮಾತಾಡೋದನ್ನ ನಾನು ದಿನಾ ನೋಡಿದೀನಿ. ಅವನು ಮತ್ತೆ ಕರಾಟೆಗೆ ಬರಲಿಲ್ಲ. ನಾನೂ ಬಿಟ್ಟೆ.

2021ರ ಆಗಸ್ಟ್ 7ರಂದು, ಟೋಕಿಯೊ ಒಲಿಂಪಿಕ್ಸ್. ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕರಾಟೆ ಇತ್ತು, ಅದೂ ನಿಪ್ಪೊನ್ ಬುಡೋಕಾನ್‌ನಲ್ಲಿ. ನಾನು ಇದೇ ರೂಮಲ್ಲಿ ಮೊಬೈಲ್ ಹಿಡ್ಕೊಂಡು ಕೂತಿದ್ದೆ. 75 ಕೆ.ಜಿ.ಗಿಂತ ಮೇಲಿನವರ ಫೈನಲ್. ಸೌದಿ ಅರೇಬಿಯಾದ ತಾರೆಗ್ ಹಮೇದಿ, ಇರಾನಿನ ಸಜ್ಜಾದ್ ಗಂಜ್‌ಜಾದೆ. ಹಮೇದಿ 4-1ರಲ್ಲಿ ಮುಂದಿದ್ರು. ಆಗ ಒಂದು ಹೈ ಕಿಕ್ ಹಾಕಿದ್ರು. ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ರು, ಸ್ಟ್ರೆಚರ್‌ನಲ್ಲಿ ಎತ್ಕೊಂಡು ಹೋದ್ರು. ಬಾಕ್ಸಿಂಗ್ ಆಗಿದ್ರೆ ಅದು ನಾಕೌಟ್, ಚಿನ್ನದ ಪದಕ. ಕರಾಟೆಯಲ್ಲಿ ಅದು ನಿಯಂತ್ರಣ ಇಲ್ಲದ ದಾಳಿ. ಹಮೇದಿ ಅನರ್ಹ ಆದ್ರು. ಬಿದ್ದವರಿಗೆ ಚಿನ್ನ, ಹೊಡೆದವರಿಗೆ ಬೆಳ್ಳಿ.

ಆವತ್ತು ಜಗತ್ತಿನಲ್ಲಿ ತುಂಬಾ ಜನ ಇದೆಂಥಾ ತಮಾಷೆಯ ಆಟ ಅಂತ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ದೊಡ್ಡ ಆಟಗಾರನಿಗೂ ಕಾಲು ಕೊನೇ ಕ್ಷಣದಲ್ಲಿ ಕೈಮೀರಿ ಹೋಗಬಹುದು ಅಂದ್ರೆ ನನ್ನದು ಯಾವ ಲೆಕ್ಕ? ಹಾಗಂತ ನನ್ನ ತಪ್ಪು ಚಿಕ್ಕದಾಗಲಿಲ್ಲ. ನನಗೆ ಕಿಕ್ ಹಾಕೋದು ಅರ್ಧ ಮಾತ್ರ ಗೊತ್ತಿತ್ತು ಅನ್ನೋದು ಅರ್ಥ ಆಯ್ತು. 2022ರಲ್ಲಿ ಮತ್ತೆ ಬಿಳಿ ಬಟ್ಟೆ ಹಾಕಿದೆ. ಮೊದಲಿಂದ ಕಲಿತೆ. ಈಗ ಹೇಳ್ತಿರೋದು ಆ ಎರಡನೇ ಸಲದ ಕಲಿಕೆ.

ಸರಿ, ಲೆಕ್ಕಕ್ಕೆ ಬರೋಣ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡೋ ಕೆಲಸ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರ ಮೆಟ್ಟಿಲು ಹತ್ತಿದ್ರೆ ಕಾಲಿಗೆ ಸ್ಪೀಡ್ ಬರುತ್ತೆ ಅಂತ ನಂಬಿದ್ದೆ. ದಮ್ಮು ಬಂತು, ಸ್ಪೀಡ್ ಬರಲಿಲ್ಲ. ಮೆಟ್ಟಿಲು ಹತ್ತೋದು ನಿಧಾನದ ಕೆಲಸ. ನಿಧಾನವನ್ನೇ ಎರಡು ತಿಂಗಳು ಅಭ್ಯಾಸ ಮಾಡಿ ವೇಗ ಬರ್ಲಿ ಅಂದ್ರೆ ಎಲ್ಲಿಂದ ಬರುತ್ತೆ?

ಆಮೇಲೆ ಫೋನ್ ತೆಗೆದೆ. ಈಗಿನ ಎಷ್ಟೋ ಫೋನ್‌ಗಳಲ್ಲಿ ಸ್ಲೋ ಮೋಷನ್ ಇದೆ, ಸೆಕೆಂಡಿಗೆ 240 ಫ್ರೇಮ್. ಅದನ್ನ ಎದುರಾಳಿ ನಿಲ್ಲೋ ಜಾಗದಲ್ಲಿ ಒಂದು ಸ್ಟೂಲ್ ಮೇಲಿಟ್ಟು ನನ್ನ ಮವಾಶಿ ಗೆರಿ ರೆಕಾರ್ಡ್ ಮಾಡಿದೆ. ಆಮೇಲೆ ಕೂತು ಫ್ರೇಮ್ ಎಣಿಸಿದೆ, ಕ್ಯಾಶ್ ಬುಕ್ ಬರೆದ ಹಾಗೆ. ನನ್ನ ದೇಹದಲ್ಲಿ ಮೊದಲ ಅಲುಗಾಟ ಕಂಡ ಫ್ರೇಮ್‌ನಿಂದ ಕಾಲು ಗುರಿ ಮುಟ್ಟೋವರೆಗೆ 132 ಫ್ರೇಮ್. ಅಂದ್ರೆ 0.55 ಸೆಕೆಂಡ್. ಪರವಾಗಿಲ್ಲ ಅನ್ಸುತ್ತೆ. ಆದ್ರೆ ಒಳಗೆ ಬಿಡಿಸಿ ನೋಡಿದ್ರೆ ಮೊದಲ 55 ಫ್ರೇಮ್‌ನಲ್ಲಿ ನನ್ನ ಕಾಲು ನೆಲ ಬಿಟ್ಟೇ ಇಲ್ಲ! ಆ 55 ಫ್ರೇಮ್‌ನಲ್ಲಿ ಏನೇನು ಮಾಡ್ತಿದ್ದೆ ಗೊತ್ತಾ? ಭುಜ ಹಿಂದಕ್ಕೆ ಎಳೆದುಕೊಳ್ತಿದ್ದೆ. ಬಲಗೈ ಕೆಳಗೆ ಬಿಡ್ತಿದ್ದೆ. ಮುಂಗಾಲನ್ನ ಒಂದು ಸಲ ಸರಿ ಮಾಡಿ ಇಡ್ತಿದ್ದೆ. ಬಾಯಿ ಕೂಡ ಬಿಗಿ ಹಿಡೀತಿದ್ದೆ. ಎದುರಿಗೆ ಇರೋನಿಗೆ "ನೋಡಪ್ಪಾ, ಈಗ ಕಿಕ್ ಬರ್ತಿದೆ" ಅಂತ ನೋಟಿಸ್ ಕೊಟ್ಟ ಹಾಗೆ.

ಕಣ್ಣಿಗೆ ಏನೋ ಕಂಡು ದೇಹ ಅದಕ್ಕೆ ಪ್ರತಿಕ್ರಿಯೆ ಶುರು ಮಾಡೋಕೆ ಸಾಮಾನ್ಯ ಮನುಷ್ಯನಿಗೆ ಸುಮಾರು 0.2ರಿಂದ 0.25 ಸೆಕೆಂಡ್ ಬೇಕು. ನನ್ನ 55 ಫ್ರೇಮ್ ಅಂದ್ರೆ ಸುಮಾರು 0.23 ಸೆಕೆಂಡ್. ನನ್ನ ಕಾಲು ಏಳೋ ಹೊತ್ತಿಗೆ ಅವನ ದೇಹ ಆಗಲೇ ಹಿಂದೆ ಸರಿಯೋಕೆ ರೆಡಿ. ನಾನು ಎಷ್ಟು ಜೋರಾಗಿ ಹಾಕಿದ್ರೇನು?

ಹಾಗಾಗಿ ಆ ಹುಡುಗನಿಗೆ, ನಿಮಗೂ, ನನ್ನ ಮೊದಲ ಮಾತು ಇದು. ನಿಮ್ಮ ಕಿಕ್ ಸ್ಲೋ ಅಂತ ತೀರ್ಮಾನ ಮಾಡೋ ಮುಂಚೆ ಅದು ಎಷ್ಟು ಬೇಗ ಕಾಣಿಸ್ತಿದೆ ನೋಡಿ. ನಾನು ಮೂರು ತಿಂಗಳು ಬರೀ ಈ ಸುಳಿವುಗಳನ್ನ ಅಳಿಸೋ ಕೆಲಸ ಮಾಡಿದೆ. ಕನ್ನಡಿ ಮುಂದೆ, ಕೈ ಎರಡೂ ಎದೆ ಮುಂದೆ, ಭುಜ ಅಲುಗದ ಹಾಗೆ ಮಂಡಿ ಮಾತ್ರ ಎತ್ತೋದು. ಮೂರು ತಿಂಗಳ ಮೇಲೆ ಮತ್ತೆ ಎಣಿಸಿದೆ. 55 ಇದ್ದದ್ದು 15ಕ್ಕೆ ಇಳಿದಿತ್ತು. ಕಾಲು ನೆಲ ಬಿಟ್ಟು ಗುರಿ ಮುಟ್ಟೋ ಭಾಗ 77ರಿಂದ 72ಕ್ಕೆ ಬಂದಿತ್ತು. ಒಟ್ಟು 87 ಫ್ರೇಮ್. ಸುಳಿವಿನಲ್ಲಿ 40 ಫ್ರೇಮ್ ಉಳಿತಾಯ, ಕಾಲಿನ ವೇಗದಲ್ಲಿ ಬರೀ 5. ಅಂಗಡಿ ಲೆಕ್ಕದಲ್ಲಿ ಹೇಳೋದಾದ್ರೆ ಆದಾಯ ಹೆಚ್ಚಾಗಿಲ್ಲ, ದಂಡದ ಖರ್ಚು ನಿಂತಿದೆ. ಲಾಭ ಮಾತ್ರ ಲಾಭವೇ.

ಎರಡನೇದು, ಮಂಡಿ. ಮೊಹಲ್ಲಾ ಅಲ್ಲ, ಕಾಲಿನ ಮಂಡಿ. ಕಾಲನ್ನ ನೆಟ್ಟಗೆ ಬೀಸಿದ್ರೆ ಅದು ಉದ್ದನೆ ಕೋಲು. ಉದ್ದನೆ ಕೋಲನ್ನ ತುದಿ ಹಿಡಿದು ತಿರುಗಿಸೋದು ಕಷ್ಟ. ಅದೇ ಕಾಲನ್ನ ಪೂರ್ತಿ ಮಡಚಿ, ಹಿಮ್ಮಡಿ ಪೃಷ್ಠಕ್ಕೆ ತಾಗೋ ಹಾಗೆ ತಂದ್ರೆ ತೂಕ ಎಲ್ಲ ಸೊಂಟದ ಹತ್ರ ಬರುತ್ತೆ, ಸೊಂಟ ಸಲೀಸಾಗಿ ತಿರುಗುತ್ತೆ. ಆಮೇಲೆ ಕೊನೆಯಲ್ಲಿ ಮಂಡಿಯಿಂದ ಕೆಳಗಿನ ಭಾಗ ಬಿಚ್ಕೊಳ್ಳುತ್ತೆ. ಒದ್ದೆ ಟವೆಲ್ ಜಾಡಿಸಿದ ಹಾಗೆ. ಮೊದಲು ಕೈ ಹೋಗುತ್ತೆ, ತುದಿ ಕೊನೆಗೆ ಹೋಗುತ್ತೆ, ಕೈ ಹಿಂದೆ ಎಳೆದಾಗ ತುದಿ ಛಟೀರ್ ಅನ್ನುತ್ತೆ. ಸೊಂಟ, ತೊಡೆ, ಮೊಣಕಾಲು, ಪಾದ. ಇದೇ ಕ್ರಮ.

ಇದಕ್ಕೆ ಒಂದು ಸುಲಭದ ಅಭ್ಯಾಸ. ಮುಂದೆ ಪ್ಲಾಸ್ಟಿಕ್ ಚೇರ್ ಇಟ್ಕೊಳ್ಳಿ. ಅದಕ್ಕೆ ಕಾಲು ತಾಗದ ಹಾಗೆ, ಅದರ ಬೆನ್ನಿನ ಮೇಲಿಂದ ಮವಾಶಿ ಹಾಕಿ, ಅದೇ ದಾರಿಯಲ್ಲಿ ವಾಪಸ್ ತನ್ನಿ. ಮಂಡಿ ಎತ್ತದೆ ಬೀಸಿದ್ರೆ ಚೇರ್ ಬಿದ್ದು ಹೋಗುತ್ತೆ. ನಮ್ಮ ಮನೆ ಚೇರ್ ಎಷ್ಟು ಸಲ ಬಿದ್ದಿದೆ ಅಂದ್ರೆ ಕೆಳಗಡೆ ಮನೆಯವರು ಮೇಲೆ ಬಂದು ಕೇಳಿದಾರೆ.

ಇನ್ನೊಂದು ಲಾಭ ಇದೆ. ಮಾಯೆ ಗೆರಿ, ಅಂದ್ರೆ ನೇರ ಮುಂದಿನ ಕಿಕ್, ಮತ್ತೆ ಮವಾಶಿ ಗೆರಿ ಎರಡಕ್ಕೂ ಮಂಡಿ ಒಂದೇ ಥರ ಎದುರಿಗೆ ಏಳಲಿ. ಎದುರಾಳಿಗೆ ಯಾವುದು ಬರುತ್ತೆ ಅಂತ ಕೊನೆವರೆಗೂ ಗೊತ್ತಾಗಲ್ಲ. ಆಯ್ಕೆ ಜಾಸ್ತಿ ಆದಷ್ಟೂ ಮನುಷ್ಯ ಪ್ರತಿಕ್ರಿಯೆ ಕೊಡೋಕೆ ಹೆಚ್ಚು ಸಮಯ ತಗೋತಾನೆ. 1952ರಲ್ಲಿ ವಿಲಿಯಂ ಹಿಕ್ ಅನ್ನೋ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಇದನ್ನ ಪ್ರಯೋಗ ಮಾಡಿ ತೋರಿಸಿದ್ರು, ಇವತ್ತಿಗೂ ಅವರ ಹೆಸರಲ್ಲೇ ಆ ನಿಯಮ ಇದೆ. ನಿಮ್ಮ ಕಾಲಿನ ವೇಗ ಅಷ್ಟೇ ಇದ್ರೂ ಅವನ ವೇಗ ಕಡಿಮೆ ಆಗುತ್ತೆ.

ಮೂರನೇದು, ನಿಂತಿರೋ ಕಾಲು. ನಾವೆಲ್ಲ ಹಾರೋ ಕಾಲನ್ನೇ ನೋಡ್ತೀವಿ. ಕೆಲಸ ನಿಂತಿರೋ ಕಾಲಲ್ಲಿದೆ. ಮವಾಶಿಯಲ್ಲಿ ಆ ಪಾದ ತಿರುಗಬೇಕು, ಹಿಮ್ಮಡಿ ಹೆಚ್ಚುಕಮ್ಮಿ ಎದುರಾಳಿ ಕಡೆ ಬರಬೇಕು. ಇಲ್ಲಾಂದ್ರೆ ಸೊಂಟ ಅರ್ಧಕ್ಕೆ ಲಾಕ್ ಆಗುತ್ತೆ, ಉಳಿದ ತಿರುವನ್ನ ಮೊಣಕಾಲು ತಗೊಳ್ಳುತ್ತೆ. ಮೊಣಕಾಲು ಮಡಚೋಕೆ ಇರೋ ಕೀಲು, ತಿರುಚೋಕಲ್ಲ. ನಮ್ಮ ಕಡೆ ಎಷ್ಟೋ ಮಕ್ಕಳು ತಾರಸಿ ಮೇಲೆ ಬರಿಗಾಲಲ್ಲಿ ಪ್ರಾಕ್ಟೀಸ್ ಮಾಡ್ತಾರೆ, ನಾನೂ ಮಾಡಿದೀನಿ. ಒರಟು ಸಿಮೆಂಟಿನ ಮೇಲೆ ಪಾದ ಜಾರಲ್ಲ, ಮಂಡಿ ತಿರುಚುತ್ತೆ. ಹಿಮ್ಮಡಿ ಸ್ವಲ್ಪ ಎತ್ತಿ ಮುಂಗಾಲಿನ ಮೇಲೆ ತಿರುಗಿ. ಆಗಲ್ಲ ಅಂದ್ರೆ ಒಂದು ಮ್ಯಾಟ್ ಹಾಸ್ಕೊಳ್ಳಿ.

ನಿಂತ ಕಾಲಿಗೆ ಬಲ ಬರೋಕೆ ನಿಧಾನದ ಕಿಕ್ ಬೇಕು. ಗೋಡೆ ಹಿಡ್ಕೊಂಡು ನಾಲ್ಕು ಎಣಿಕೆ: ಒಂದು, ಮಂಡಿ ಎತ್ತು. ಎರಡು, ಚಾಚು. ಮೂರು, ಮಡಚು. ನಾಲ್ಕು, ಇಡು. ಒಂದೊಂದರಲ್ಲೂ ಐದು ಸೆಕೆಂಡ್ ನಿಲ್ಲಿ. ತೊಡೆ ನಡುಗುತ್ತೆ. ನಡುಗಲಿ. ಎಂಟು ಸಲ ಸಾಕು.

ನಾಲ್ಕನೇದು, ವೇಗದ ಅಭ್ಯಾಸ ಯಾವಾಗ, ಎಷ್ಟು? ನಾವು ಕ್ಲಾಸಿನ ಕೊನೆಯಲ್ಲಿ, ಸುಸ್ತಾಗಿ ಬಿದ್ದು ಹೋಗೋ ಹೊತ್ತಲ್ಲಿ ನೂರು ಕಿಕ್ ಹಾಕ್ತೀವಿ. ಅದು ಮನಸ್ಸಿನ ಗಟ್ಟಿತನಕ್ಕೆ ಒಳ್ಳೇದಿರಬಹುದು. ವೇಗಕ್ಕೆ ಅಲ್ಲ. ವೇಗದ ಕೆಲಸ ದೇಹ ತಾಜಾ ಇದ್ದಾಗ, ವಾರ್ಮ್ ಅಪ್ ಆದ ತಕ್ಷಣ. ಒಂದು ಕಾಲಿಗೆ ಐದಾರು ಕಿಕ್, ಪೂರ್ತಿ ವೇಗದಲ್ಲಿ. ಆಮೇಲೆ ಒಂದು ನಿಮಿಷ ವಿಶ್ರಾಂತಿ. ಇಂಥ ನಾಲ್ಕೈದು ಸೆಟ್. ಕಾಲು ನಿಧಾನ ಆಯ್ತು ಅನ್ನಿಸಿದ ಕೂಡಲೇ ನಿಲ್ಲಿಸಿ.

ವಾರ್ಮ್ ಅಪ್ ಅಂದ್ರೆ ನೆಲದ ಮೇಲೆ ಕೂತು ಎರಡು ನಿಮಿಷ ಕಾಲು ಚಾಚಿ ಹಿಡಿಯೋದಲ್ಲ. ತುಂಬಾ ಹೊತ್ತು ಎಳೆದು ಹಿಡಿದ ಸ್ನಾಯು ತಕ್ಷಣಕ್ಕೆ ಸ್ವಲ್ಪ ಸಪ್ಪೆ ಆಗುತ್ತೆ. ಮೊದಲು ಹಗುರವಾಗಿ ಓಟ, ಕಾಲು ಹಿಂದೆ ಮುಂದೆ ಬೀಸೋದು, ಸೊಂಟ ತಿರುಗಿಸೋದು. ಆ ಉದ್ದ ಸ್ಟ್ರೆಚ್ ಎಲ್ಲ ಕ್ಲಾಸ್ ಮುಗಿದ ಮೇಲೆ. ಇನ್ನೊಂದು, ಕಣಕಾಲಿಗೆ ತೂಕ ಕಟ್ಕೊಂಡು ಗಾಳಿಗೆ ಜೋರಾಗಿ ಕಿಕ್ ಹಾಕೋ ಅಭ್ಯಾಸ, ದಯವಿಟ್ಟು ಬೇಡ. ಅದರಲ್ಲೂ ಬೆಳೆಯೋ ಮಕ್ಕಳಿಗೆ ಬೇಡವೇ ಬೇಡ. ಆ ತೂಕ ಕೊನೆಯಲ್ಲಿ ಮೊಣಕಾಲಿನ ಕೀಲನ್ನೇ ಎಳೆಯುತ್ತೆ. ತೂಕ ಇಲ್ಲದೆ ಗಾಳಿಗೆ ಹಾಕಿದ್ರೂ ಮಂಡಿಯನ್ನ ಪೂರ್ತಿ ಲಾಕ್ ಮಾಡಬೇಡಿ.

ಹೊಡೆಯೋಕೆ ಏನಾದ್ರೂ ಬೇಕು ಅಂದ್ರೆ ನಮ್ಮ ಏರಿಯಾದಲ್ಲಿ ಗೋಣಿಚೀಲಕ್ಕೆ ಬರ ಇಲ್ಲ. ನಾನು ಮೊದಲು ಮರಳು ತುಂಬಿದೆ, ಪಾದ ಊದ್ಕೊಂಡಿತು. ಈಗ ಹಳೇ ಬಟ್ಟೆ ತುಂಬಿದೀನಿ.

ಐದನೇದು, ಬಿಗಿ ಬಿಡೋದು. ತೊಡೆ ಮುಂದಿನ ಸ್ನಾಯು ಕಾಲು ಚಾಚುತ್ತೆ, ಹಿಂದಿನ ಸ್ನಾಯು ಮಡಚುತ್ತೆ. ಎರಡೂ ಒಟ್ಟಿಗೆ ಬಿಗಿದ್ರೆ ಆಕ್ಸಿಲರೇಟರ್, ಬ್ರೇಕ್ ಎರಡೂ ತುಳಿದ ಹಾಗೆ. ಸಿಟ್ಟಲ್ಲಿ, ಭಯದಲ್ಲಿ ಆಗೋದು ಅದೇ. ಉಸಿರು ಬಿಡ್ತಾ ಕಿಕ್ ಹಾಕಿ. ಭುಜ ಸಡಿಲ ಇರಲಿ. ಅದರ ಜೊತೆಗೆ ಒಬ್ಬ ಗೆಳೆಯ ಎದುರಿಗೆ ನಿಂತು ಯಾವಾಗಲಾದ್ರೂ ಒಂದು ಟವೆಲ್ ಕೈಬಿಡಲಿ, ಅದು ನೆಲ ಮುಟ್ಟೋ ಮುಂಚೆ ನಿಮ್ಮ ಮಂಡಿ ಎದ್ದಿರಬೇಕು. ಚಪ್ಪಾಳೆಗಿಂತ ಇದು ಒಳ್ಳೇದು, ಯಾಕಂದ್ರೆ ಪಂದ್ಯದಲ್ಲಿ ಅವಕಾಶ ಬರೋದು ಕಣ್ಣಿಗೆ, ಕಿವಿಗಲ್ಲ. ದೂರದ ಅಂದಾಜೂ ಮುಖ್ಯ. ಒಂದಡಿ ದೂರದಿಂದ ಹಾಕಿದ ವೇಗದ ಕಿಕ್‌ಗಿಂತ ಸರಿಯಾದ ದೂರಕ್ಕೆ ಜಾರಿ ಹೋಗಿ ಹಾಕಿದ ಸಾಧಾರಣ ಕಿಕ್ಕೇ ಅಂಕ ತರೋದು.

ಕೊನೇದು. ನಾನು ಆ ಹುಡುಗನಿಗೆ ಉತ್ತರ ಕೊಡೋಕೆ ಹೆದರಿದ್ದು ಇದಕ್ಕೇ. ವಾಪಸ್ ಬರೋದು. ಜಪಾನಿಯಲ್ಲಿ ಹಿಕಿ ಆಶಿ ಅಂತಾರೆ, ಕಾಲು ಹಿಂದಕ್ಕೆ ಎಳೆದುಕೊಳ್ಳೋದು. ನನ್ನ ಮೊದಲ ವಿಡಿಯೋದಲ್ಲಿ ಕಾಲು ಗುರಿ ಮುಟ್ಟಿದ ಮೇಲೆ ನೆಲಕ್ಕೆ ಬರೋಕೆ 140 ಫ್ರೇಮ್. ಹೋಗಿದ್ದಕ್ಕಿಂತ ನಿಧಾನ. ಯಾಕಂದ್ರೆ ಅದು ವಾಪಸ್ ಬರ್ತಾನೇ ಇರಲಿಲ್ಲ, ಮುಂದಕ್ಕೆ ಬೀಳ್ತಿತ್ತು. 2019ರಲ್ಲೂ ಅದೇ ಆಗಿತ್ತು. ಅಂಥ ಕಾಲು ಎದುರಾಳಿ ಕೈಗೆ ಸಿಗುತ್ತೆ, ಸಮತೋಲನ ಹೋಗುತ್ತೆ, ಎರಡನೇ ಕಿಕ್ ಹಾಕೋಕಾಗಲ್ಲ. ಇದೆಲ್ಲ ಅಂಕದ ಲೆಕ್ಕ. ಇನ್ನೊಂದು ಲೆಕ್ಕ ಏನಂದ್ರೆ ಅಂಥ ಕಾಲನ್ನ ಎದುರಿಗಿರೋ ತಲೆ ಮಾತ್ರ ನಿಲ್ಲಿಸುತ್ತೆ. ಹಿರಿಯರ ಪಂದ್ಯದಲ್ಲೂ ತಲೆಗೆ ಹಗುರವಾದ ಸ್ಪರ್ಶಕ್ಕಷ್ಟೇ ಅವಕಾಶ. ಮಕ್ಕಳಿಗೆ ನಿಯಮ ಇನ್ನೂ ಬಿಗಿ. ಹೊಡೆದ ಮೇಲೂ ಎಚ್ಚರದಲ್ಲಿರೋದನ್ನ ಝಾನ್ಶಿನ್ ಅಂತಾರೆ. ಅದಿಲ್ಲದಿದ್ರೆ ರೆಫರಿ ಅಂಕವನ್ನೇ ಕೊಡಲ್ಲ.

ಮೈಸೂರಿನವರಿಗೆ ಇದು ಹೊಸದಾಗಿ ಕಾಣಬಾರದು. ವಿಜಯದಶಮಿ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತಲ್ಲ. ತಲೆ ಬೋಳಿಸಿಕೊಂಡು, ಕೈಗೆ ಮೊನಚಿನ ಆಯುಧ ಹಾಕ್ಕೊಂಡು ಇಳೀತಾರೆ. ಅಷ್ಟು ಉಗ್ರವಾದ ಆಟ, ಆದ್ರೆ ತಲೆಯಲ್ಲಿ ಮೊದಲ ಹನಿ ರಕ್ತ ಕಂಡ ಕೂಡಲೇ ಮುಗೀತು. ನಿಲ್ಲಿಸೋದು ಗೊತ್ತಿರೋರನ್ನೇ ಅಖಾಡಕ್ಕೆ ಬಿಡ್ತಾರೆ.

ಅಭ್ಯಾಸ ಹೀಗೆ. ನೇತು ಹಾಕಿದ ಒಂದು ಹಾಳೆಗೆ ಕಿಕ್ ಹಾಕಿ. ಹಾಳೆ ಅಲುಗಬೇಕು, ಹರೀಬಾರದು. ಕಾಲು ಮಡಚಿಕೊಂಡು ವಾಪಸ್ ಬಂದು, ಒಂದೇ ಕಾಲಲ್ಲಿ ಎರಡು ಸೆಕೆಂಡ್ ನಿಂತು, ಆಮೇಲೆ ಇಡಿ. ಮೊದಲು ನಿಧಾನಕ್ಕೆ, ನಿಲ್ಲಿಸೋಕೆ ಬಂದಷ್ಟೇ ವೇಗ ಹೆಚ್ಚಿಸಿ. ಈ ಒಂದು ನಿಯಮ ಪಾಲಿಸಿದ್ರೆ ನಿಮ್ಮ ವೇಗ ಯಾವತ್ತೂ ನಿಮ್ಮ ಹಿಡಿತ ಮೀರಿ ಹೋಗಲ್ಲ. ನನ್ನ 140 ಈಗ 80ರ ಹತ್ತಿರ ಇದೆ.

ಹೋದ ಭಾನುವಾರ ಆ ಹುಡುಗನನ್ನ ನಮ್ಮ ತಾರಸಿಗೆ ಕರೆದೆ. ಪ್ಯಾಡ್ ಹಿಡಿಯೋಕೆ ಇನ್ನೊಬ್ಬರು ಬೇಕಿತ್ತು. ತುಂಬಾ ಯೋಚನೆ ಮಾಡಿ ನನ್ನ ಆ ಗೆಳೆಯನಿಗೇ ಫೋನ್ ಮಾಡಿದೆ. ಇಷ್ಟು ವರ್ಷದಲ್ಲಿ ದಿನಾ ಅವನ ಅಂಗಡಿ ಮುಂದೆ ಹೋಗಿದೀನಿ, ಟೀ ಕುಡಿದಿದೀವಿ, ಆ ವಿಷಯ ಮಾತ್ರ ಎತ್ತಿರಲಿಲ್ಲ. ಅವನು "ಅಂಗಡಿ ಮುಚ್ಚಿ ಬರ್ತೀನಿ" ಅಂದ. ಬಂದ. ಪ್ಯಾಡನ್ನ ಭುಜದ ಪಕ್ಕ ಎತ್ತಿ ಹಿಡಿದ. ಎಡಗಡೆ.

ನನಗೆ ಮೊದಲ ಕಿಕ್ ಹಾಕೋಕೆ ಆಗಲೇ ಇಲ್ಲ. ಮಂಡಿ ಎತ್ತಿ ಕೆಳಗಿಟ್ಟೆ. ಎರಡನೇ ಸಲವೂ ಅಷ್ಟೇ. ಅವನು "ಹಾಕೋ ಮಾರಾಯ, ಕೈ ನೋಯ್ತಿದೆ" ಅಂದ. ಹಾಕಿದೆ. ಪ್ಯಾಡಿಗೆ ಟಪ್ ಅಂತ ತಾಗಿ ಕಾಲು ವಾಪಸ್ ಬಂತು. ಹತ್ತು ಹಾಕಿದೆ. ಆಮೇಲೆ ಹುಡುಗ ಹಾಕಿದ, ನಾವಿಬ್ಬರೂ ಅವನ ಭುಜ ಅಲುಗೋದನ್ನ ಎಣಿಸಿದ್ವಿ. ಹೋಗೋ ಮುಂಚೆ ನಾನು 2019ರ ಬಗ್ಗೆ ಹೇಳಬೇಕಾದ್ದನ್ನ ಹೇಳಿದೆ. ಏನು ಹೇಳಿದೆ ಅನ್ನೋದು ನಮ್ಮಿಬ್ಬರಿಗೆ ಇರಲಿ. ಅವನು ಮುಂದಿನ ಭಾನುವಾರ ಎಷ್ಟು ಗಂಟೆಗೆ ಅಂತ ಕೇಳಿದ.

ಇಷ್ಟೇ ಇವತ್ತಿಗೆ. ಒಬ್ಬ ಒಳ್ಳೆ ಗುರುವಿನ ಕಣ್ಣ ಮುಂದೆಯೇ ಇದನ್ನೆಲ್ಲ ಮಾಡಿ, ಬರೀ ನನ್ನ ಮಾತು ಕೇಳಿ ಅಲ್ಲ. ನಿಮ್ಮ ಕಿಕ್ ಎಷ್ಟು ಫ್ರೇಮ್ ಅಂತ ಎಣಿಸಿ ಕಳಿಸಿ. ಹೋಗೋ ಲೆಕ್ಕದ ಜೊತೆ ಬರೋ ಲೆಕ್ಕವನ್ನೂ ಕಳಿಸಿ. ಮುಂದಿನ ವಾರ ಮತ್ತೆ ದುಡ್ಡಿನ ವಿಷಯ, ಚಿನ್ನದ ಸಾಲ ತಗೊಳ್ಳೋ ಮುಂಚೆ ಏನು ನೋಡಬೇಕು ಅಂತ. ಸಿಗೋಣ, ನಮಸ್ಕಾರ.